ಕಾಲು ಗಟ್ಟಿಯಿದ್ದ ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಕಳಿಸಿದೆ

(ತುಮಕೂರಿನಲ್ಲಿ ನಡೆದ ಕನ್ನಡ ಕಾರ್ಯಕರ್ತರ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಪಠ್ಯ)



ನಾನು ಇವತ್ತು ನಾಮಫಲಕಗಳ ಬಗ್ಗೆ ಮಾತಾಡುತ್ತೇನೆಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದಾರೆ. ಕ್ಷಮಿಸಬೇಕು. ಆ ಮಾತು ಈ ವೇದಿಕೆಯಲ್ಲಿ ಸಾಕಷ್ಟು ಆಗಿದೆ. ಇವತ್ತು ನನ್ನ ಮನೆಯ ಸಂಗತಿ ಒಂದನ್ನು ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ. 1982ರಲ್ಲಿ ಗೋಕಾಕ್ ಚಳವಳಿ ನಡೆದಾಗ ಕಾಲೇಜು ಬಿಟ್ಟು ಮೆರವಣಿಗೆಗೆ ಹೋದವನು ನಾನು. ಅಂದಿನಿಂದ ಇಂದಿನವರೆಗೆ ಮೈಕು ಸಿಕ್ಕಲ್ಲೆಲ್ಲ ಕನ್ನಡ, ಕನ್ನಡ ಎಂದು ಗಂಟಲು ಹರಿದುಕೊಂಡಿದ್ದೇನೆ. ಅಂಥವನು ತನ್ನ ಒಡಹುಟ್ಟಿದ ಅಕ್ಕನನ್ನು ವಿಮಾನ ಹತ್ತಿಸುವ ದಿನ ಏನು ಮಾಡಿದ ಎಂಬುದನ್ನು ನೀವು ಕೇಳಬೇಕು.

ನಮ್ಮ ಅಕ್ಕನನ್ನು ಕೊಟ್ಟಿರುವುದು ತಿಪಟೂರಿನ ಹತ್ತಿರ ಒಂದು ಹಳ್ಳಿಗೆ. ಓದಿದ್ದು ಏಳನೇ ಕ್ಲಾಸು, ಕನ್ನಡ ಶಾಲೆಯಲ್ಲಿ. ಬೆಳಿಗ್ಗೆ ಕಾಫಿಯ ಜೊತೆ ಪೇಪರು ಬೇಕೇ ಬೇಕು, ತಡವಾದರೆ ಪೇಪರ್ ಹುಡುಗನಿಗೆ ಮಂಗಳಾರತಿ. ಮನೆಯ ತೆಂಗಿನ ತೋಟದ ಲೆಕ್ಕವೆಲ್ಲ ಅವಳದೇ, ಭಾವನವರದು ಬರೀ ಸಹಿ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲುಗಾಡಿಸಿ, ಒಳಗೆ ಗಿಟುಕು ಬಿಟ್ಟಿದೆಯೋ ಇಲ್ಲವೋ ಎಂದು ಹೇಳುತ್ತಾಳೆ. ಕೊಬ್ಬರಿ ಮಾರುವ ದಿನ ಮಂಡಿಯಲ್ಲಿ ನಿಂತು ಕ್ವಿಂಟಲ್ಲಿನ ಮೇಲೆ ಐವತ್ತು ರೂಪಾಯಿಗೆ ಅರ್ಧ ಗಂಟೆ ವಾದ ಮಾಡುತ್ತಾಳೆ. ಬಾಯಿ ಇದ್ದವಳು ಅಂತ ಊರಲ್ಲಿ ಹೆಸರು. ಆ ಬಾಯಿಯ ವಿಚಾರವನ್ನೇ ನಾನು ಈಗ ಹೇಳಹೊರಟಿರುವುದು.

ಅವಳ ಮಗಳು ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಮೊದಲ ಹೆರಿಗೆ 2020ರ ಬೇಸಿಗೆಯಲ್ಲಿ. ಆ ವರ್ಷ ಮಾರ್ಚ್ 23ಕ್ಕೆ ಅಂತರರಾಷ್ಟ್ರೀಯ ವಿಮಾನಗಳನ್ನೆಲ್ಲ ನಿಲ್ಲಿಸಿಬಿಟ್ಟರು. ಅಕ್ಕ ಇಲ್ಲಿ ಲೇಹ್ಯ ಕಾಸಿಟ್ಟುಕೊಂಡು ಕೂತಳು, ಮಗಳು ಅಲ್ಲಿ ಒಬ್ಬಳೇ ಹೆತ್ತಳು. ಅಕ್ಕ ಫೋನಿನಲ್ಲಿ ಮೊಮ್ಮಗನ ಮುಖ ನೋಡಿ ಅತ್ತಿದ್ದು ನನಗೆ ಗೊತ್ತು. ಎರಡನೇ ಹೆರಿಗೆ 2024ರಲ್ಲಿ ಎಂದು ಗೊತ್ತಾದ ದಿನವೇ, "ಈ ಸಲ ಈಜಿಕೊಂಡಾದರೂ ಹೋಗ್ತೀನಿ" ಅಂದಳು. ಭಾವನವರು ತೋಟ, ಹಸು ಬಿಟ್ಟು ಬರುವ ಹಾಗಿಲ್ಲ. ಅಂದರೆ ಒಬ್ಬಳೇ ಹೋಗಬೇಕು. ಅವಳು ಅಲ್ಲಿಯವರೆಗೆ ನೋಡಿದ್ದ ಪರಸ್ಥಳ ಎಂದರೆ ತಿರುಪತಿ, ಆಮೇಲೆ ವೀಸಾ ಮಾಡಿಸಲು ಹೋಗಿ ಬಂದ ಚೆನ್ನೈ. ಅಷ್ಟೇ.

ಸಾಮಾನು ಕಟ್ಟುವುದೇ ಒಂದು ಹಬ್ಬವಾಯಿತು. 23 ಕೆ.ಜಿ.ಯ ಎರಡು ಪೆಟ್ಟಿಗೆ. ಮಂಡಿಯಿಂದ ತಕ್ಕಡಿ ತರಿಸಿ ತೂಗಿದರು. ಒಣಶುಂಠಿ, ಹಿಪ್ಪಲಿ, ಮೆಂತ್ಯದ ಹಿಟ್ಟು, ಹುಳಿಪುಡಿ, ಮಗುವಿಗೆ ಹಳೆ ಸೀರೆಯ ಬಟ್ಟೆ. ಮೇಲೆ ಎರಡು ಸೇರು ಕೊಬ್ಬರಿ ಗಿಟುಕು. ಕೊಬ್ಬರಿ ವಿಮಾನದಲ್ಲಿ ಬಿಡುವುದಿಲ್ಲ, ಕೈಚೀಲದಲ್ಲೂ ಇಲ್ಲ, ಪೆಟ್ಟಿಗೆಯಲ್ಲೂ ಇಲ್ಲ ಎಂದು ನಾನು ಹೇಳಿದೆ. ಅದರಲ್ಲಿ ಎಣ್ಣೆಯ ಅಂಶ ಜಾಸ್ತಿ, ತಾನಾಗಿ ಕಾದು ಹೊತ್ತಿಕೊಳ್ಳಬಹುದಾದ ಪದಾರ್ಥಗಳ ಪಟ್ಟಿಯಲ್ಲಿ ಅದನ್ನು ಸೇರಿಸಿದ್ದಾರೆ. ಅಕ್ಕ ನನ್ನನ್ನೇ ದುರುಗುಟ್ಟಿ ನೋಡಿದಳು. "ತಿಪಟೂರಿನವಳು ಕೊಬ್ಬರಿ ಇಲ್ಲದೆ ಬಾಣಂತನಕ್ಕೆ ಹೋಗೋದೇನೋ? ಐವತ್ತು ವರ್ಷದಿಂದ ನಮ್ಮ ಅಟ್ಟದ ಮೇಲಿದೆ, ಒಂದು ದಿನ ಹೊತ್ತಿಕೊಂಡಿಲ್ಲ!" ಕೊನೆಗೆ ಗಿಟುಕನ್ನೆಲ್ಲ ತುರಿದು ಬೆಲ್ಲ ಹಾಕಿ ಉಂಡೆ ಕಟ್ಟಿದಳು.

ಇಷ್ಟೆಲ್ಲ ನಗುನಗುತ್ತಾ ಆಯಿತು. ತೊಡಕು ಬಂದಿದ್ದು ಟಿಕೆಟ್ ಮಾಡಿಸುವಾಗ. ನಡುದಾರಿಯಲ್ಲಿ ಹೊರದೇಶದ ಒಂದು ಊರಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕು, ಮಧ್ಯೆ ನಾಲ್ಕು ಗಂಟೆ. ಅಕ್ಕನಿಗೆ ಇಂಗ್ಲಿಷ್ ಬಾರದು, ಹಿಂದಿ ಬಾರದು. ಏಜೆಂಟ್ ಹುಡುಗ ಒಂದು ನಿಮಿಷವೂ ಯೋಚಿಸಲಿಲ್ಲ. "ವ್ಹೀಲ್‌ಚೇರ್ ಹಾಕಿಸಿಬಿಡೋಣ ಸಾರ್. ಲಾಂಗ್ವೇಜ್ ಬರದೇ ಇರೋ ಅಮ್ಮಂದಿರಿಗೆಲ್ಲ ಹಾಗೇ ಮಾಡೋದು. ಅವರೇ ಒಂದು ವಿಮಾನದಿಂದ ಇನ್ನೊಂದಕ್ಕೆ ತಳ್ಳಿಕೊಂಡು ಹೋಗ್ತಾರೆ. ಫ್ರೀ. 48 ಗಂಟೆ ಮೊದಲೇ ಹೇಳಿದರೆ ಸಾಕು" ಅಂದ.

ನಾನು ಹೂಂ ಅಂದೆ ಬಂಧುಗಳೇ. ಏನೂ ಯೋಚಿಸದೆ ಹೂಂ ಅಂದೆ.

ಮನೆಗೆ ಬಂದು ಹೇಳಿದಾಗ ಅಕ್ಕ ಕೇಳಿದ ಮೊದಲ ಪ್ರಶ್ನೆ, "ನನ್ನ ಕಾಲಿಗೆ ಏನಾಗಿದೆ?" ಅವಳ ಕಾಲಿಗೆ ಏನೂ ಆಗಿರಲಿಲ್ಲ. ಅರವತ್ತೇಳನೇ ವಯಸ್ಸಿನಲ್ಲೂ ದಿನಕ್ಕೆ ಮೂರು ಸಲ ತೋಟ ಸುತ್ತುವ ಕಾಲು ಅದು. ನಾನು ಏನೇನೋ ಸಬೂಬು ಹೇಳಿದೆ. ದೊಡ್ಡ ಕಟ್ಟಡ ಅಕ್ಕ, ಬಹಳ ನಡೀಬೇಕು, ಆಯಾಸ ಆಗುತ್ತೆ ಅಂದೆ. ಅವಳಿಗೆ ಅರ್ಥವಾಯಿತು. "ಮಾತು ಬರಲ್ಲ ಅನ್ನು. ಕಾಲಿನ ಮೇಲೆ ಯಾಕೆ ಹಾಕ್ತೀಯ?" ಅಂದಳು. ಅದಾದ ಮೇಲೆ ಅವಳೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೊರಟ ದಿನ ಒಂದು ಟೆಂಪೋ ಟ್ರಾವೆಲರ್ ತುಂಬ ಹನ್ನೊಂದು ಜನ. ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ. ಹಿಂದೆ ಎಚ್.ಎ.ಎಲ್. ವಿಮಾನ ನಿಲ್ದಾಣ ಇದ್ದಾಗ ನಾನು ಗೆಳೆಯನೊಬ್ಬನನ್ನು ಬೀಳ್ಕೊಡಲು ಹೋಗಿದ್ದೆ. ಅವನು ಹೊರಟಿದ್ದು ಬರೀ ಮುಂಬಯಿಗೆ, ಅಲ್ಲಿಂದ ಮುಂದೆ ಹೊರದೇಶ. ಆದರೂ ಹಾರ, ಕಾಯಿ, ಕರ್ಪೂರ ಎಲ್ಲ ಇತ್ತು. ಆ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳು 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಹೋದವು. ಸುಮಾರು 4,000 ಎಕರೆ ನೆಲ. ರಾಗಿ, ದ್ರಾಕ್ಷಿ, ಚಕ್ಕೋತ ಬೆಳೆಯುತ್ತಿದ್ದ ಸೀಮೆ. 2013ರಲ್ಲಿ ಕೆಂಪೇಗೌಡರ ಹೆಸರು ಬಂತು, 2022ರ ನವೆಂಬರಿನಲ್ಲಿ 108 ಅಡಿಯ ಕೆಂಪೇಗೌಡರ ಪ್ರತಿಮೆ ಬಂತು. ಹೆಸರಿಗಾಗಿ ಕೂಗಿದವರಲ್ಲಿ ನಾವೂ ಇದ್ದೆವು. ಅಕ್ಕ ಗಾಡಿಯ ಕಿಟಕಿಯಿಂದ ಪ್ರತಿಮೆಗೆ ಕೈ ಮುಗಿದಳು.

ಈಗ ಟಿಕೆಟ್ ಇಲ್ಲದವರನ್ನು ಬಾಗಿಲ ಒಳಗೆ ಬಿಡುವುದಿಲ್ಲ. ಭದ್ರತೆಯ ಕಾರಣ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹನ್ನೊಂದು ಜನ ನೂರೈವತ್ತು ಕಿಲೋಮೀಟರ್ ಬಂದು, ಫುಟ್‌ಪಾತಿನ ಅಂಚಿನಲ್ಲಿ ಸೀಟಿ ಊದಿಸಿಕೊಳ್ಳುತ್ತಾ ಬೀಳ್ಕೊಡಬೇಕು. ಅಕ್ಕನಿಗೆ ಏನೇನೋ ಹೇಳಬೇಕು ಅಂದುಕೊಂಡವರಿಗೆಲ್ಲ ಬಾಯಿ ಕಟ್ಟಿತು. ಭಾವನವರು ದಾರಿಯುದ್ದಕ್ಕೂ ಒಂದು ಮಾತಾಡಿರಲಿಲ್ಲ. ಕೊನೆಗೆ, "ಬಿ.ಪಿ. ಮಾತ್ರೆ ಕೈಚೀಲದಲ್ಲೇ ಇದೆ ತಾನೆ?" ಎಂದು ಕೇಳಿದರು. ನಲವತ್ತೈದು ವರ್ಷದ ಸಂಸಾರದಲ್ಲಿ ಇಬ್ಬರೂ ಆರು ತಿಂಗಳು ಬೇರೆ ಇದ್ದವರಲ್ಲ.

ನಾನು ಒಂದು ಚೀಟಿ ಬರೆದು ಅಕ್ಕನ ಕೊರಳಿಗೆ ಚೀಲದಲ್ಲಿ ಹಾಕಿದ್ದೆ. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್. ನನಗೆ ಕನ್ನಡ ಮಾತ್ರ ಬರುತ್ತದೆ. ನಾನು ಮಗಳ ಮನೆಗೆ ಹೋಗುತ್ತಿದ್ದೇನೆ. ನನ್ನ ಮುಂದಿನ ವಿಮಾನ ಇಂಥದ್ದು. ಮಗಳ ಫೋನ್ ನಂಬರ್ ಇದು. ಎಂಟು ಸಾಲು. ಎಲ್ಲ ಬರೆದಿದ್ದೇನೆ ಎಂದು ಹೆಮ್ಮೆ ಪಟ್ಟಿದ್ದೆ.

ಕುರ್ಚಿ ಬಂತು. ತಳ್ಳುವ ಹುಡುಗ ಬಂದ. ಅಕ್ಕ ಒಂದು ಸಲ ನನ್ನ ಮುಖ ನೋಡಿ, ಸೆರಗು ಸರಿಮಾಡಿಕೊಂಡು ಕೂತಳು. ಹುಡುಗನಿಗೆ ಇನ್ನೂ ನಾಲ್ಕು ಕುರ್ಚಿ ಕಾಯುತ್ತಿದ್ದವು, ಅವನ ತಪ್ಪೇನಿಲ್ಲ. ಸರಕ್ಕನೆ ತಿರುಗಿಸಿ ಬಾಗಿಲ ಒಳಗೆ ನೂಕಿಕೊಂಡು ಹೊರಟ. ಗಾಜಿನ ಆಚೆ ಅಕ್ಕನ ಬೆನ್ನೂ ಕಾಣಲಿಲ್ಲ, ಕುರ್ಚಿಯ ಬೆನ್ನು ಕಂಡಿತು. ನಡೆದು ಹೋಗುವವರು ತಿರುಗಿ ನೋಡುತ್ತಾರೆ, ಕೈ ಎತ್ತುತ್ತಾರೆ. ಕುರ್ಚಿಯಲ್ಲಿ ಹೋಗುವವರಿಗೆ ತಿರುಗಲು ಆಗುವುದಿಲ್ಲ. ಅವಳು ಕೈ ಎತ್ತಿದಳೋ ಏನೋ, ನಮಗೆ ಕಾಣಲಿಲ್ಲ. ಹನ್ನೊಂದು ಜನರೂ ಕುರ್ಚಿಯ ಬೆನ್ನಿಗೆ ಕೈ ಬೀಸಿದೆವು.

ಮುಂದಿನದ್ದು ಅಕ್ಕ ಆಮೇಲೆ ಹೇಳಿದ್ದು.

ವಲಸೆ ತಪಾಸಣೆಯ ಕಿಟಕಿಯಲ್ಲಿ ಇದ್ದ ಅಧಿಕಾರಿ ಪಾಸ್‌ಪೋರ್ಟ್ ತಿರುಗಿಸಿ ನೋಡಿ, "ಎಲ್ಲಿಗ್ರೀ ತಾಯಿ, ಮಗಳ ಹೆರಿಗಿಗೆ ಹೊಂಟೀರೇನ್ರೀ?" ಅಂದರಂತೆ. ಧಾರವಾಡದ ಕಡೆಯವರಿರಬೇಕು. ಅಕ್ಕನಿಗೆ ಜೀವ ಬಂತು. ಯಾವ ಊರು, ಎಷ್ಟು ದಿನ, ವಾಪಸ್ ಟಿಕೆಟ್ ಇದೆಯೇ, ಎಲ್ಲ ಪಟಪಟ ಹೇಳಿದಳು. ಒಂದು ನಿಮಿಷದಲ್ಲಿ ಠಸ್ಸೆ ಬಿತ್ತು. 2017ರ ಜುಲೈಗೆ ಮೊದಲು ಹೊರಡುವ ಪ್ರತಿಯೊಬ್ಬರೂ ಒಂದು ಕಾರ್ಡು ತುಂಬಬೇಕಿತ್ತು. ಕನ್ನಡ ಮಾತ್ರ ಬಲ್ಲವರು ಅದನ್ನು ಹಿಡಿದು ಅವರಿವರ ಮುಂದೆ ನಿಲ್ಲುತ್ತಿದ್ದರು. ಅದನ್ನು ರದ್ದು ಮಾಡಿದ್ದು ಒಳ್ಳೆಯದಾಯಿತು. ಆದರೆ ನಾನು ಹೇಳುತ್ತಿರುವುದು ಕಾರ್ಡಿನ ಮಾತಲ್ಲ. ಕಿಟಕಿಯ ಹಿಂದೆ ಒಂದು ಕನ್ನಡದ ಬಾಯಿ ಇದ್ದರೆ ನಮ್ಮ ಅಕ್ಕ ಅಕ್ಕನೇ. ಅದು ಇಲ್ಲದ ಗಳಿಗೆಯಲ್ಲಿ ಅವಳು ಕಾಲಿಲ್ಲದವಳು.

ವಿಮಾನ ಬದಲಿಸುವ ಊರಿನಲ್ಲಿ ಏನಾಯಿತು ಎಂದರೆ, ಕುರ್ಚಿಯಲ್ಲಿ ತಂದವರು ಒಂದು ಮೂಲೆಯಲ್ಲಿ ಸಾಲಾಗಿ ನಿಲ್ಲಿಸಿ ಹೊರಟುಹೋದರು. ಎರಡೂವರೆ ಗಂಟೆ ಯಾರೂ ಬರಲಿಲ್ಲ. ಅಕ್ಕನಿಗೆ ಬಾತ್‌ರೂಮಿಗೆ ಹೋಗಬೇಕು. ಯಾರನ್ನು ಕೇಳುವುದು? ಎದ್ದು ಹೋದರೆ ಕುರ್ಚಿಯವರು ಬಂದು ಹುಡುಕಿ, ಸಿಗದೆ, ವಿಮಾನ ತಪ್ಪಿದರೆ? ಕೊರಳ ಚೀಟಿ ತೆಗೆದು ನೋಡಿದಳು. ನನ್ನ ಎಂಟು ಸಾಲಿನಲ್ಲಿ ಅದೊಂದು ಮಾತು ಇರಲಿಲ್ಲ. ಗಂಡಸರು ಬರೆದ ಚೀಟಿ! ನೀರು ಕುಡಿದರೆ ಕಷ್ಟ ಎಂದು ನೀರನ್ನೂ ಬಿಟ್ಟಳು. ಬಿ.ಪಿ. ಮಾತ್ರೆಯನ್ನು ಒಣ ಬಾಯಲ್ಲೇ ನುಂಗಿದಳು.

ಪಕ್ಕದ ಕುರ್ಚಿಯಲ್ಲಿ ಒಬ್ಬ ತಾಯಿ. ಅನಂತಪುರದ ಕಡೆಯವರು, ಅವರಿಗೆ ತೆಲುಗು ಒಂದೇ. ನಮ್ಮಕ್ಕನಿಗೆ ತಿರುಪತಿ ಮಟ್ಟದ ತೆಲುಗು. ಇಬ್ಬರೂ ಮುಖ ಮುಖ ನೋಡಿದರು. ಆ ತಾಯಿ, "ಕಾಳ್ಳು ನೊಪ್ಪಾ?" ಎಂದು ಅಕ್ಕನ ಕಾಲು ತೋರಿಸಿ ಕೇಳಿದರಂತೆ. ಅಕ್ಕ ಇಲ್ಲ ಎಂದು ತಲೆ ಆಡಿಸಿ, ಅವರ ಕಾಲು ತೋರಿಸಿದಳು. ಅವರೂ ಇಲ್ಲ ಎಂದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಒಬ್ಬರು ಕೂತು ಇಬ್ಬರ ಚೀಲ ಕಾಯುವುದು, ಇನ್ನೊಬ್ಬರು ಎದ್ದು ಹೋಗಿ ಬರುವುದು ಎಂದು ಕೈಸನ್ನೆಯಲ್ಲೇ ಒಪ್ಪಂದವಾಯಿತು.

"ಅಲ್ಲಿ ಒಂಬತ್ತು ಹತ್ತು ಜನ ಕೂತಿದ್ವಿ ಕಣೋ. ಪಂಜಾಬಿನವರು, ಗುಜರಾತಿನವರು, ನಾವಿಬ್ಬರು. ಬಹಳ ಜನಕ್ಕೆ ಕಾಲು ಚೆನ್ನಾಗೇ ಇತ್ತು" ಅಂದಳು ಅಕ್ಕ ಫೋನಿನಲ್ಲಿ. ನಾನೂ ನಕ್ಕೆ. ಆಮೇಲೆ ಅವಳು ಹೇಳಿದ ಮಾತು ಕೇಳಿ ನಗು ನಿಂತಿತು. "ಒಬ್ಬ ಮುದುಕಪ್ಪ, ಪಾಪ, ಅವನಿಗೆ ನಿಜವಾಗಿಯೂ ಒಂದು ಕಾಲು ಸ್ವಾಧೀನ ಇರಲಿಲ್ಲ. ಕುರ್ಚಿ ಸಾಲದೆ ಗೋಡೆ ಹಿಡಿದು ನಿಂತಿದ್ದ. ಅವನ ಕುರ್ಚಿಯಲ್ಲಿ ನಾನು ಕೂತಿದ್ದೆ."

ಭಾರತದಿಂದ ಅಮೆರಿಕ ಕಡೆಗೆ ಹಾರುವ ವಿಮಾನಗಳಲ್ಲಿ ಗಾಲಿಕುರ್ಚಿ ಕೇಳುವವರು ಮಿತಿಮೀರಿದ್ದಾರೆ ಎಂದು 2025ರಲ್ಲಿ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯೇ ಆಯಿತು. ಸಾಲು ತಪ್ಪಿಸಿಕೊಳ್ಳಲು ನಾಟಕ ಆಡುತ್ತಾರೆ ಎಂದು ಕೆಲವರು ಬರೆದರು. ಹಾಗೆ ಆಡುವವರೂ ಇದ್ದಾರು, ಇಲ್ಲ ಅನ್ನುವುದಿಲ್ಲ. ಆದರೆ ಆ ಕುರ್ಚಿಗಳಲ್ಲಿ ಕೂತ ತಾಯಂದಿರ ನಾಲಿಗೆಯ ಮೇಲೆ ಯಾವ ಭಾಷೆ ಇದೆ ಎಂದು ಕೇಳಿದವರನ್ನು ನಾನು ಕಾಣಲಿಲ್ಲ.

"ನಿಮ್ಮಕ್ಕ ಇಂಗ್ಲಿಷ್ ಕಲಿಯಬೇಕಿತ್ತು" ಎಂದು ಯಾರೋ ಹೇಳುತ್ತಾರೆ ಎಂದು ನನಗೆ ಗೊತ್ತು. ಹೋದ ವಾರ ನಮ್ಮ ಬೀದಿಯಲ್ಲೇ ಒಬ್ಬರು ಹೇಳಿದರು. ಸ್ವಾಮಿ, 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ 2024ರ ಒಂದೇ ವರ್ಷ ಹೋಗಿ ಬಂದವರು ನಾಲ್ಕು ಕೋಟಿಗೂ ಮೇಲೆ. ಎರಡೂ ಲೆಕ್ಕ ಹೆಚ್ಚುಕಡಿಮೆ ಸಮ, ಹೋಲಿಕೆಗೆ ಅರ್ಥವಿಲ್ಲ, ಒಪ್ಪುತ್ತೇನೆ. ಆದರೂ ಕೇಳುತ್ತೇನೆ. ಇಷ್ಟು ದೊಡ್ಡ ಭಾಷೆಯ ಹೆಂಗಸೊಬ್ಬಳು ತನ್ನ ರಾಜ್ಯದ ನೆಲದಿಂದ ವಿಮಾನ ಹತ್ತಲು ಅಂಗವಿಕಲೆ ಅಂತ ಬರೆಸಿಕೊಳ್ಳಬೇಕೆ?

ಈಗ ನಮ್ಮ ತಪ್ಪಿಗೆ ಬರುತ್ತೇನೆ. ನಾವು ಬೋರ್ಡಿಗಾಗಿ ಹೋರಾಡಿದೆವು. ನಿಲ್ದಾಣದಲ್ಲಿ ಕನ್ನಡ ಬೋರ್ಡುಗಳು ಇವೆ, ಇದ್ದದ್ದನ್ನು ಇದೆ ಎನ್ನಬೇಕು. ಧ್ವನಿವರ್ಧಕದ ಪ್ರಕಟಣೆ ಮೊದಲು ಸ್ಥಳೀಯ ಭಾಷೆಯಲ್ಲಿ, ಆಮೇಲೆ ಹಿಂದಿ, ಇಂಗ್ಲಿಷಿನಲ್ಲಿ ಆಗಬೇಕು ಎಂದು 2018ರ ಡಿಸೆಂಬರಿನಲ್ಲಿ ಕೇಂದ್ರದಿಂದಲೇ ಸೂಚನೆ ಹೊರಟಿತು. ಅದನ್ನೂ ನಮ್ಮ ಗೆಲುವು ಎಂದು ಲಾಡು ಹಂಚಿದೆವು. ಬೋರ್ಡು ಒಂದು ಪ್ರಶ್ನೆಗೆ ಉತ್ತರ ಹೇಳೀತು. ತಿರುಗಿ ಪ್ರಶ್ನೆ ಕೇಳಿದರೆ ಹೇಳೀತೇ? ಅಕ್ಕನಿಗೆ ಬೇಕಾಗಿದ್ದದ್ದು ಒಂದು ಬಾಯಿ, ಎರಡು ಕಿವಿ. ಅದನ್ನು ನಾವು ಯಾವ ಮನವಿಪತ್ರದಲ್ಲೂ ಕೇಳಲಿಲ್ಲ.

ಕೇಳಲು ದಾರಿ ಇಲ್ಲವೇ ಎಂದರೆ, ಇದೆ. ಅಕ್ಕ ಹೋದ ಮೇಲೆ ವಿಚಾರಿಸಿದಾಗ ನನಗೆ ಗೊತ್ತಾಗಿದ್ದು ಇದು. ವಿಮಾನದ ಟಿಕೆಟಿನಲ್ಲಿ ಗಾಲಿಕುರ್ಚಿಗೆ ಒಂದು ಸಂಕೇತ ಇರುವ ಹಾಗೆ ಬೇರೆ ನೆರವಿಗೂ ಸಂಕೇತಗಳಿವೆ. ಎಂ.ಎ.ಎ.ಎಸ್. ಎಂದು ಒಂದು. ಅಂದರೆ ಎದುರುಗೊಂಡು ಕೈಹಿಡಿದು ಕರೆದುಕೊಂಡು ಹೋಗಿ ಎಂದು. ಎಲ್.ಎ.ಎನ್.ಜಿ. ಎಂದು ಇನ್ನೊಂದು. ಪ್ರಯಾಣಿಕರಿಗೆ ಯಾವ ಭಾಷೆ ಬರುತ್ತದೆ ಎಂದು ಬರೆಯುವುದಕ್ಕೇ ಇರುವಂಥದ್ದು. ಅದರ ಮುಂದೆ 'ಕನ್ನಡ' ಎಂದು ಸೇರಿಸಿ ಅಂತ ಏಜೆಂಟರಿಗೆ ಹೇಳಬಹುದು. ಬರೆದ ಮಾತ್ರಕ್ಕೆ ಕನ್ನಡದವರನ್ನು ತಂದು ನಿಲ್ಲಿಸುತ್ತಾರೆ ಎಂದು ನಾನು ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಕೊಡುವುದು ಬಿಡುವುದು ಆಯಾ ಕಂಪನಿಗೆ ಬಿಟ್ಟದ್ದು. ಆದರೆ ಯಾರೂ ಬರೆಸದಿದ್ದರೆ ಕಂಪನಿಯ ಲೆಕ್ಕದಲ್ಲಿ ಕನ್ನಡದವರೇ ಇಲ್ಲ, ಬರೀ ಕಾಲುನೋವಿನವರು ಇದ್ದಾರೆ! ನಮ್ಮ ಏಜೆಂಟ್ ಹುಡುಗನಿಗೂ ಈ ಸಂಕೇತ ಗೊತ್ತಿತ್ತು. "ಯಾರೂ ಕೇಳಲ್ಲ ಸಾರ್" ಅಂದ.

ಅಕ್ಕ 2025ರ ಫೆಬ್ರವರಿಯಲ್ಲಿ ವಾಪಸ್ಸು ಬರುವಾಗ ಕುರ್ಚಿ ಬೇಡ ಎಂದಳು. ಮಗಳು ಹೆದರಿದಳು, ನಾನೂ ಹೆದರಿದೆ. ಅಕ್ಕ ಕೇಳಲಿಲ್ಲ. ಟಿಕೆಟಿನಲ್ಲಿ ಆ ಎರಡು ಸಂಕೇತ ಹಾಕಿಸಿದೆವು. ನಡುದಾರಿಯ ಊರಿನಲ್ಲಿ ಬಂದವಳು ಹಿಂದಿ ಮಾತಾಡುವ ಹುಡುಗಿ, ಕನ್ನಡ ಇಲ್ಲ. ಆದರೆ ಜೊತೆಗೆ ನಡೆದುಕೊಂಡು ಬಂದಳು, ಚೀಟಿ ಓದಿದಳು, ಬಾತ್‌ರೂಮು ತೋರಿಸಿದಳು, ಬಾಗಿಲ ತನಕ ಬಿಟ್ಟಳು. ಅಷ್ಟಾಯಿತು.

ಆ ವಿಮಾನ ಕಂಪನಿಗೆ ನಾನು ಪತ್ರ ಬರೆದೆ. ಹೆಸರು ಇಲ್ಲಿ ಬೇಡ, ಬೇರೆಯವರೂ ಅಷ್ಟೇ ಇದ್ದಾರು. ನಮ್ಮಲ್ಲಿ ಇಂಗ್ಲಿಷ್ ಮತ್ತು ಹಿಂದಿ ಬಲ್ಲ ಸಿಬ್ಬಂದಿ ಇದ್ದಾರೆ ಎಂದು ಎರಡು ಸಾಲಿನ ಉತ್ತರ ಬಂತು. ಬೆಂಗಳೂರಿನಿಂದ ಹಾರುವ ವಿಮಾನಕ್ಕೆ ಕನ್ನಡ ಬಲ್ಲವರು ಎಷ್ಟು ಜನ ಇದ್ದಾರೆ ಎಂದು ಮತ್ತೆ ಕೇಳಿದ್ದೇನೆ. ಅದಕ್ಕೆ ಉತ್ತರ ಬಂದಿಲ್ಲ. ಇನ್ನು ಒಬ್ಬನೇ ಬರೆದರೆ ಆಗುವುದಿಲ್ಲ. ಹೊರದೇಶಕ್ಕೆ ಹೊರಡುವ ಬಾಗಿಲಲ್ಲಿ ಪ್ರತಿ ಪಾಳಿಗೆ ಕನ್ನಡ ಬಲ್ಲ ನೆರವಿನವರು ಇರಬೇಕು, ಬೆಂಗಳೂರಿನಿಂದ ಟಿಕೆಟ್ ಮಾರುವ ಕಂಪನಿಗಳು ವಿಮಾನ ಬದಲಿಸುವ ಊರಿನಲ್ಲಿ ಫೋನಿನ ಮೂಲಕವಾದರೂ ಕನ್ನಡದ ನೆರವು ಕೊಡಬೇಕು ಎಂದು ಮನವಿ ತಯಾರಾಗಿದೆ. ಬಾಗಿಲ ಬಳಿಯ ಮೇಜಿನ ಮೇಲಿದೆ, ಸಹಿ ಹಾಕಿ ಹೋಗಿ.

ಅದರ ಪಕ್ಕದಲ್ಲೇ ಚೀಟಿಯ ಮಾದರಿ ಇದೆ, ಇನ್ನೂರು ಜೆರಾಕ್ಸ್ ಮಾಡಿಸಿದ್ದೇನೆ. ಮಗನ ಹತ್ತಿರ, ಮಗಳ ಹತ್ತಿರ ಹೊರಟಿರುವ ತಾಯಂದಿರು ನಿಮ್ಮ ಬೀದಿಯಲ್ಲಿ ಇದ್ದರೆ ಒಯ್ದು ಕೊಡಿ. ಈಗ ಎಂಟಲ್ಲ, ಹದಿನಾಲ್ಕು ಸಾಲು ಇದೆ. ಹೊಸ ಆರು ಸಾಲು ಬರೆಸಿದವಳು ಅಕ್ಕ. ಬಾತ್‌ರೂಮಿನ ಸಾಲನ್ನು ಎಲ್ಲಕ್ಕಿಂತ ಮೇಲೆ ಹಾಕಿಸಿದ್ದೂ ಅವಳೇ. ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಇನ್ನೇನಾದರೂ ಸೇರಿಸಬೇಕಾದರೆ ಅವಳನ್ನು ಕೇಳಿ, ನನ್ನನ್ನಲ್ಲ.